ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ 0.01 ಬಂದಿದೆ. ‘ಕಡಿಮೆ ಅಲ್ವಾ, ಒಳ್ಳೆಯದೇ’ ಅಂತಿದ್ದಾರೆ. ಹೌದಾ?

ರಂಗೋಲಿ_ಸಾಗರ · ಡಿಸೆಂಬರ್ 9

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ವಯಸ್ಸು 36, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ.

ಆಗಸ್ಟ್‌ನಲ್ಲಿ 62 ಕೆಜಿ ಇದ್ದೆ. ಈಗ 54. ಡಯಟ್ ಇಲ್ಲ, ವಾಕಿಂಗ್ ಇಲ್ಲ. ಊಟ ಮೊದಲಿಗಿಂತ ಜಾಸ್ತಿಯೇ. ಬೆಳಿಗ್ಗೆ ಮೂರು ದೋಸೆ ತಿನ್ನುತ್ತಿದ್ದವಳು ಈಗ ಆರು ತಿಂದು, ಹನ್ನೊಂದು ಗಂಟೆಗೆ ಮತ್ತೆ ಡಬ್ಬಿ ತೆಗೆಯುತ್ತೇನೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ‘ಏನು ಗುಟ್ಟು ಮೇಡಂ’ ಅಂತ ಕೇಳುತ್ತಾರೆ. ಮೊದಮೊದಲು ನನಗೂ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಅನುಮಾನ ಬಂದದ್ದು ದೀಪಾವಳಿ ದಿನ. ಬಾಗಿಲಿಗೆ ರಂಗೋಲಿ ಹಾಕಲು ಕೂತೆ. ಚುಕ್ಕಿ ಸರಿಯಾಗಿಯೇ ಬಿತ್ತು. ಎಳೆ ಎಳೆಯುವಾಗ ಪುಡಿ ನೆಟ್ಟಗೆ ಬೀಳಲಿಲ್ಲ, ಹಾವು ಹರಿದ ಹಾಗೆ ಬಿತ್ತು. ಇಪ್ಪತ್ತು ವರ್ಷದಿಂದ ರಂಗೋಲಿ ಹಾಕುತ್ತಿರುವ ಕೈ ಇದು. ಮುಗಿಸಿ ಏಳಲು ಹೋದರೆ ತೊಡೆಯಲ್ಲಿ ಬಲವೇ ಇಲ್ಲ. ಹೊಸ್ತಿಲು ಹಿಡಿದು ಎದ್ದೆ.

ಇನ್ನೂ ಇದೆ. ರಾತ್ರಿ ಎಡಮಗ್ಗುಲಿಗೆ ಮಲಗಿದರೆ ದಿಂಬಿನೊಳಗಿಂದ ಎದೆ ಬಡಿತ ಕೇಳಿಸುತ್ತದೆ. ಈ ಚಳಿಯಲ್ಲಿ ಯಜಮಾನರು ಕಂಬಳಿ ಹೊದ್ದರೆ ನಾನು ಫ್ಯಾನ್ ಹಾಕುತ್ತೇನೆ, ಅದಕ್ಕೇ ದಿನಾ ಜಗಳ. ಮೂರು ನಾಲ್ಕು ಸಲ ಟಾಯ್ಲೆಟ್. ಮುಟ್ಟು ಎರಡೇ ದಿನಕ್ಕೆ ನಿಂತುಹೋಗುತ್ತದೆ. ಕೂದಲು ಕೈಗೇ ಬರುತ್ತದೆ. ಮಕ್ಕಳ ಮೇಲೆ ಸುಮ್ನೆ ಸಿಡುಕುತ್ತೇನೆ.

ನಿನ್ನೆ ರಕ್ತ ಪರೀಕ್ಷೆ ಮಾಡಿಸಿದೆ. ಟಿಎಸ್‌ಎಚ್ 0.01ಕ್ಕಿಂತ ಕಡಿಮೆ. ಫ್ರೀ ಟಿ4 3.9, ಅದು 0.8ರಿಂದ 1.8ರ ಒಳಗೆ ಇರಬೇಕಂತೆ. ಸಹೋದ್ಯೋಗಿಯೊಬ್ಬರು ‘ಥೈರಾಯ್ಡ್ ಇದ್ದರೆ ದಪ್ಪ ಆಗುತ್ತಾರೆ, ನೀವು ಸಣ್ಣ ಆಗಿದ್ದೀರಿ. ನಂಬರೂ ಕಡಿಮೆ ಇದೆ. ಒಳ್ಳೆಯದೇ ಬಿಡಿ’ ಅಂದರು. ಅತ್ತೆಯವರು ಹತ್ತು ವರ್ಷದಿಂದ ಥೈರಾಯ್ಡ್‌ಗೆ ಥೈರಾಕ್ಸಿನ್ 50 ಮಾತ್ರೆ ತಗೊಳ್ಳುತ್ತಾರೆ. ‘ಡಾಕ್ಟರ್ ಸಿಗುವವರೆಗೆ ನನ್ನ ಮಾತ್ರೆಯನ್ನೇ ನುಂಗು’ ಅನ್ನುತ್ತಿದ್ದಾರೆ. ಶಿವಮೊಗ್ಗದಲ್ಲಿ ಅಪಾಯಿಂಟ್‌ಮೆಂಟ್ ಸಿಕ್ಕಿರುವುದು ಎರಡು ವಾರ ಬಿಟ್ಟು. ಏನು ಮಾಡಲಿ?

ಕಾಫಿ_ಕಟ್ಟೆ · ಡಿಸೆಂಬರ್ 9

ಎಲೆಕೋಸು, ಹೂಕೋಸು ಬಿಟ್ಟುಬಿಡಿ ಅಕ್ಕ. ನಮ್ಮ ಚಿಕ್ಕಮ್ಮ ಬಿಟ್ಟಿದ್ದಾರೆ.

ಫಿಸಿಶಿಯನ್_ದಾವಣಗೆರೆ · ಡಿಸೆಂಬರ್ 9

ಮೇಡಂ, ಮೊದಲ ಮಾತು: ಅತ್ತೆಯವರ ಮಾತ್ರೆ ಮುಟ್ಟಬೇಡಿ. ಅವರದು ಥೈರಾಯ್ಡ್ ಗ್ರಂಥಿ ನಿಧಾನ ಆದ ಕಾಯಿಲೆ, ಅದಕ್ಕೆ ಆ ಹಾರ್ಮೋನನ್ನೇ ಮಾತ್ರೆಯಾಗಿ ಕೊಡುತ್ತಾರೆ. ನಿಮ್ಮದು ವೇಗ ಹೆಚ್ಚಾದ ಹಾಗೆ ಕಾಣುತ್ತದೆ. ಉರಿಯುವ ಒಲೆಗೆ ಇನ್ನಷ್ಟು ಸೌದೆ ಹಾಕಿದಂತೆ ಆಗುತ್ತದೆ.

ನಾನು ಜನರಲ್ ಮೆಡಿಸಿನ್ ಡಾಕ್ಟರ್, ಹಾರ್ಮೋನ್ ತಜ್ಞ ಅಲ್ಲ. ಆದರೂ ಈ ಗೊಂದಲ ನನ್ನ ಓಪಿಡಿಯಲ್ಲಿ ವಾರಕ್ಕೊಮ್ಮೆ ಬರುತ್ತದೆ. ನಮ್ಮ ಜನ ‘ಥೈರಾಯ್ಡ್ ಇದೆ’ ಅಂತಾರೆ. ಅರೆ, ಥೈರಾಯ್ಡ್ ಎಲ್ಲರಿಗೂ ಇದೆ! ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಹಾಗೆ ಕೂತಿರುವ ಗ್ರಂಥಿ ಅದು. ಜಾಸ್ತಿಯೋ ಕಡಿಮೆಯೋ ಅನ್ನುವುದೇ ಪ್ರಶ್ನೆ.

ನೀವು ಟೀಚರ್, ಹಾಗಾಗಿ ಶಾಲೆಯ ಲೆಕ್ಕದಲ್ಲೇ ಹೇಳುತ್ತೇನೆ. ಥೈರಾಯ್ಡ್ ಒಬ್ಬ ಹುಡುಗ. ಅವನ ಕೆಲಸ ಕಾಪಿ ಬರೆಯುವುದು. ಆ ಕಾಪಿಯೇ ಟಿ3, ಟಿ4 ಹಾರ್ಮೋನ್. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಹೆಡ್‌ಮೇಷ್ಟ್ರು. ಅವರ ಬೈಗುಳವೇ ಟಿಎಸ್‌ಎಚ್. ಹುಡುಗ ಸೋಮಾರಿ ಆದರೆ ಬೈಗುಳ ಜಾಸ್ತಿ, ಟಿಎಸ್‌ಎಚ್ ಮೇಲೆ ಹೋಗುತ್ತದೆ. ಹುಡುಗ ಎಡೆಬಿಡದೆ ಬರೆಯುತ್ತಾ ಕೂತರೆ ಹೆಡ್‌ಮೇಷ್ಟ್ರು ಬಾಯಿಯೇ ತೆರೆಯುವುದಿಲ್ಲ, ಟಿಎಸ್‌ಎಚ್ ಸೊನ್ನೆಯ ಹತ್ತಿರ ಬರುತ್ತದೆ. ನಿಮ್ಮದು ಈ ಎರಡನೆಯದು. ಟಿಎಸ್‌ಎಚ್ ಕಡಿಮೆ, ಟಿ4 ಜಾಸ್ತಿ ಅಂದರೆ ಥೈರಾಯ್ಡ್ ಜಾಸ್ತಿ ಅಂತ ಅರ್ಥ.

ಇನ್ನು ಯಾರೂ ಹೇಳದೆ ಹುಡುಗ ಯಾಕೆ ಇಷ್ಟು ಬರೆಯುತ್ತಾನೆ? ಕಾರಣ ನಾಲ್ಕಾರಿವೆ. ಹೆಚ್ಚಿನವರಲ್ಲಿ ಗ್ರೇವ್ಸ್ ಕಾಯಿಲೆ. ಡಬ್ಲಿನ್‌ನ ಡಾಕ್ಟರ್ ರಾಬರ್ಟ್ ಗ್ರೇವ್ಸ್ 1835ರಲ್ಲಿ ಇದನ್ನು ಬರೆದಿಟ್ಟರು. ಇದರಲ್ಲಿ ನಮ್ಮ ದೇಹವೇ ಒಂದು ಪ್ರತಿಕಾಯ ತಯಾರಿಸಿ, ಅದು ಹೆಡ್‌ಮೇಷ್ಟ್ರ ದನಿಯನ್ನು ಅನುಕರಣೆ ಮಾಡುತ್ತದೆ. ಯಾರೋ ಕಿಟಕಿ ಹೊರಗೆ ನಿಂತು ‘ಬರಿ, ಬರಿ’ ಅಂತ ಕೂಗಿದ ಹಾಗೆ. ಪಾಪ, ಹುಡುಗನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡನೆಯದು, ಗ್ರಂಥಿಯಲ್ಲಿ ಗಂಟು ಬೆಳೆದು ಅದು ತನ್ನಷ್ಟಕ್ಕೇ ಹಾರ್ಮೋನ್ ಮಾಡುವುದು. ಮೂರನೆಯದು, ಗ್ರಂಥಿ ಊದಿಕೊಂಡು, ಒಳಗೆ ಕೂಡಿಟ್ಟ ಹಾರ್ಮೋನ್ ಸೋರುವುದು. ಕೆಲವು ಹೃದಯದ ಮಾತ್ರೆ, ಅತಿಯಾದ ಅಯೋಡಿನ್, ಥೈರಾಕ್ಸಿನ್ ಡೋಸ್ ಹೆಚ್ಚಾಗುವುದು ಕೂಡ ಕಾರಣ ಆಗಬಹುದು. ಯಾವುದು ಅಂತ ಗೊತ್ತಾದ ಮೇಲೆಯೇ ಚಿಕಿತ್ಸೆ. ಎಲ್ಲಕ್ಕೂ ಒಂದೇ ಮಾತ್ರೆ ಇಲ್ಲ.

ಎರಡು ವಾರ ಕಾಯಬಹುದಾ? ಸುಮ್ಮನೆ ಕೂತಾಗ ನಾಡಿ ಎಣಿಸಿ. ನಿಮಿಷಕ್ಕೆ 120 ದಾಟಿದರೆ, ತಾಳ ತಪ್ಪಿದರೆ, ಉಬ್ಬಸ ಬಂದರೆ ಕಾಯಬೇಡಿ, ಅವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ. ಜೋರು ಜ್ವರದ ಜೊತೆ ಮಾತು ತಡವರಿಸಿದರೆ ಅದು ತುರ್ತು ಪರಿಸ್ಥಿತಿ. ಹಾಗೇನೂ ಇಲ್ಲದಿದ್ದರೂ ನಿಮ್ಮೂರಿನ ಡಾಕ್ಟರಿಗೆ ರಿಪೋರ್ಟ್ ತೋರಿಸಿ. ಎದೆ ಬಡಿತ ಇಳಿಸುವ ಮಾತ್ರೆಯನ್ನು ಅವರೂ ಕೊಡಬಹುದು.

ಎಲೆಕೋಸು ತಿನ್ನಿ. ಅದರಿಂದ ಬರುವುದೂ ಇಲ್ಲ, ಬಿಟ್ಟರೆ ಹೋಗುವುದೂ ಇಲ್ಲ.

ಲ್ಯಾಬ್_ಮಿತ್ರ · ಡಿಸೆಂಬರ್ 10

ಡಾಕ್ಟ್ರೇ ಚೆನ್ನಾಗಿ ಹೇಳಿದಿರಿ. ನನ್ನದೊಂದು ಪ್ರಶ್ನೆ ಮೇಡಂಗೆ. ಕೂದಲು ಉದುರುತ್ತದೆ ಅಂದಿರಲ್ಲ, ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ಏನಾದರೂ ತಗೊಳ್ಳುತ್ತಿದ್ದೀರಾ?

ರಂಗೋಲಿ_ಸಾಗರ · ಡಿಸೆಂಬರ್ 10

ಹೌದು! ಮೆಡಿಕಲ್ ಶಾಪಿನವರೇ ಕೊಟ್ಟರು. 10 ಮಿಲಿಗ್ರಾಂ, ದಿನಕ್ಕೊಂದು. ಒಂದೂವರೆ ತಿಂಗಳಾಯಿತು. ಯಾಕೆ ಸರ್?

ಲ್ಯಾಬ್_ಮಿತ್ರ · ಡಿಸೆಂಬರ್ 10

ಇದು ನಾವು ಲ್ಯಾಬಿನವರು ಕೇಳಲೇಬೇಕಾದ ಪ್ರಶ್ನೆ. ಕೌಂಟರಿನಲ್ಲಿ ರಶ್ ಇದ್ದಾಗ ಯಾರೂ ಕೇಳುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾಗುವ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ನಿಮ್ಮ ಮಾತ್ರೆಯಲ್ಲಿ ಅದರ 300 ಪಟ್ಟಿಗಿಂತ ಜಾಸ್ತಿ ಇದೆ. ಬಹಳಷ್ಟು ಥೈರಾಯ್ಡ್ ಕಿಟ್‌ಗಳಲ್ಲಿ ಬಯೋಟಿನ್ನನ್ನೇ ಕೊಕ್ಕೆಯ ಹಾಗೆ ಬಳಸುತ್ತಾರೆ. ನಿಮ್ಮ ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಕೊಕ್ಕೆ ಕೂರುವ ಜಾಗವನ್ನೆಲ್ಲ ಅದೇ ಹಿಡಿದುಬಿಡುತ್ತದೆ. ಆಗ ಮಷಿನ್ ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತದೆ, ಟಿ4 ಅನ್ನು ಸುಳ್ಳೇ ಜಾಸ್ತಿ ತೋರಿಸುತ್ತದೆ. ಥೇಟ್ ನಿಮ್ಮ ರಿಪೋರ್ಟ್ ಹಾಗೆ. ಗ್ರೇವ್ಸ್‌ಗೆ ಮಾಡುವ ಪ್ರತಿಕಾಯ ಪರೀಕ್ಷೆ ಕೂಡ ಸುಳ್ಳು ಪಾಸಿಟಿವ್ ಬರಬಹುದು.

ಮಾತ್ರೆ ನಿಲ್ಲಿಸಿ. ಕಡೇ ಪಕ್ಷ ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ ರಕ್ತ ಕೊಡಿ. ಆದರೆ ಮೇಡಂ, ಬಯೋಟಿನ್ ರಂಗೋಲಿ ಎಳೆ ಅಲುಗಿಸುವುದಿಲ್ಲ. ನಿಮ್ಮ ತೊಂದರೆ ನಿಜವೇ ಇರಬೇಕು ಅಂತ ನನಗನ್ನಿಸುತ್ತದೆ.

ರಂಗೋಲಿ_ಸಾಗರ · ಡಿಸೆಂಬರ್ 15

ನಾಲ್ಕು ದಿನ ಬಿಟ್ಟು ಮತ್ತೆ ಕೊಟ್ಟೆ. ಟಿಎಸ್‌ಎಚ್ ಹಾಗೇ ಇದೆ, 0.01ಕ್ಕಿಂತ ಕಡಿಮೆ. ಫ್ರೀ ಟಿ4 3.6. ಸುಳ್ಳಲ್ಲ, ನಿಜವೇ ಅಂತಾಯಿತು. ಇಲ್ಲಿಯ ಡಾಕ್ಟರಿಗೆ ತೋರಿಸಿದೆ. ನಾಡಿ 108. ಆಸ್ತಮಾ ಇದೆಯಾ ಅಂತ ಕೇಳಿ, ಇಲ್ಲ ಅಂದ ಮೇಲೆ ಎದೆ ಬಡಿತ ಇಳಿಸುವ ಪ್ರೊಪ್ರನೊಲಾಲ್ ಬರೆದುಕೊಟ್ಟರು. ನಿನ್ನೆ ರಾತ್ರಿ ತಿಂಗಳಾದ ಮೇಲೆ ನಿದ್ದೆ ಬಂತು.

ಗಿರ್ಮಿಟ್_ಹುಬ್ಬಳ್ಳಿ · ಡಿಸೆಂಬರ್ 15

ಥೈರಾಯ್ಡ್ ಹೆಂಗಸರ ಕಾಯಿಲೆ ಅಂದುಕೊಂಡು ಓದುವ ಗಂಡಸರಿಗಾಗಿ ನನ್ನ ಕಥೆ ಬರೀತೀನಿ ನೋಡ್ರಿ.

ನನಗೆ ಆಗ 28. ಗೆಳೆಯನ ಮದುವೆ ಧಾರವಾಡದಲ್ಲಿ. ಹೋಳಿಗೆ, ಜಿಲೇಬಿ, ಅನ್ನ ಯಾವುದನ್ನೂ ಬಿಡಲಿಲ್ಲ. ರಾತ್ರಿ ಹನ್ನೆರಡರವರೆಗೆ ಕುಣಿದು ಮಲಗಿದೆ. ಬೆಳಗಿನ ನಾಲ್ಕಕ್ಕೆ ಎಚ್ಚರ ಆಯಿತು. ಮೂತ್ರಕ್ಕೆ ಹೋಗಬೇಕು, ಆದರೆ ಕಾಲು ಏಳುತ್ತಿಲ್ಲ. ಜೋಮು ಹಿಡಿದಿರಬೇಕು ಅಂದುಕೊಂಡೆ. ಕೈಯಿಂದ ಮುಟ್ಟಿ ನೋಡಿದರೆ ಸ್ಪರ್ಶ ಎಲ್ಲ ಗೊತ್ತಾಗುತ್ತಿದೆ. ಕಾಲು ಮಾತ್ರ ಯಾರದೋ ಕಾಲು. ಅರ್ಧ ಗಂಟೆಯಲ್ಲಿ ಕೈಯಲ್ಲೂ ಬಲ ಇಲ್ಲ. ಅವ್ವ ‘ಲಕ್ವಾ ಹೊಡೀತು’ ಅಂತ ಅಳತೊಡಗಿದಳು. ಯಾರೋ ‘ಗಾಳಿ ಸೋಕಿದೆ’ ಅಂತ ನಿಂಬೆಹಣ್ಣು ತಂದರು.

ಐಸಿಯುನಲ್ಲಿ ರಕ್ತ ನೋಡಿದರೆ ಪೊಟ್ಯಾಸಿಯಂ 2.1. ಕನಿಷ್ಠ 3.5 ಇರಬೇಕು. ಪೊಟ್ಯಾಸಿಯಂ ಕೊಟ್ಟ ಮೇಲೆ ಮಧ್ಯಾಹ್ನದ ಹೊತ್ತಿಗೆ ಎದ್ದು ನಡೆದೆ. ಎಲ್ಲರೂ ಮನೆಗೆ ಕಳಿಸಲು ತಯಾರು. ಆಗ ಒಬ್ಬ ಸಣ್ಣ ವಯಸ್ಸಿನ ಡಾಕ್ಟರ್ ಬಂದು ನನ್ನ ಬೆರಳು ನಡುಗುವುದನ್ನು ನೋಡಿ ‘ತೂಕ ಇಳಿದಿದೆಯಾ?’ ಅಂತ ಕೇಳಿದರು. ಆರು ಕೆಜಿ ಇಳಿದಿತ್ತು. ಜಿಮ್‌ನಿಂದ ಅಂದುಕೊಂಡಿದ್ದೆ. ಟಿಎಸ್‌ಎಚ್ ಮಾಡಿಸಿದರು, ಅಳತೆಗೇ ಸಿಗದಷ್ಟು ಕಡಿಮೆ.

ಥೈರಾಯ್ಡ್ ಜಾಸ್ತಿ ಆದಾಗ ರಕ್ತದ ಪೊಟ್ಯಾಸಿಯಂ ಒಮ್ಮೆಲೇ ಸ್ನಾಯುವಿನ ಒಳಗೆ ಓಡುತ್ತದಂತೆ. ಸಿಹಿ, ಅನ್ನ ಹೊಟ್ಟೆ ತುಂಬ ತಿಂದಾಗ, ಜೋರಾಗಿ ವ್ಯಾಯಾಮ ಮಾಡಿ ಮಲಗಿದಾಗ ಇದು ಆಗುತ್ತದೆ. ಥೈರಾಯ್ಡ್ ಹೆಂಗಸರಿಗೇ ಜಾಸ್ತಿ ಬಂದರೂ ಈ ಪಾರ್ಶ್ವವಾಯು ಮಾತ್ರ ಏಷ್ಯಾದ ಗಂಡಸರಲ್ಲೇ ಜಾಸ್ತಿ. ಥೈರಾಯ್ಡ್ ಹಿಡಿತಕ್ಕೆ ಬಂದ ಮೇಲೆ ನನಗೆ ಒಮ್ಮೆಯೂ ಆಗಿಲ್ಲ. ಈಗ ನಾಲ್ಕು ವರ್ಷ. ಹೋಳಿಗೆ ಮತ್ತೆ ಶುರು ಮಾಡೀನಿ.

ಮಲ್ಲಿಗೆ_ಮೈಸೂರು · ಡಿಸೆಂಬರ್ 16

ಅಬ್ಬಾ. ನಮ್ಮ ತಂದೆಯದು ಪೂರ್ತಿ ಬೇರೆ ಥರ. ಅವರಿಗೆ 71. ಕೈ ನಡುಕ ಇಲ್ಲ, ಸೆಕೆ ಇಲ್ಲ, ಹಸಿವೂ ಇಲ್ಲ. ಸುಮ್ಮನೆ ಮಂಕಾಗಿ ಕೂರುತ್ತಿದ್ದರು. ಬೆಳಗಿನ ಪೇಪರ್ ಕೂಡ ಮಡಿಸಿದ ಹಾಗೇ ಇರುತ್ತಿತ್ತು. ತೂಕ ಮಾತ್ರ ಇಳಿಯುತ್ತಾ ಹೋಯಿತು. ವಯಸ್ಸಾದವರ ತೂಕ ಇಳಿದರೆ ಎಲ್ಲರಿಗೂ ಒಂದೇ ಭಯ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ. ಎಂಡೋಸ್ಕೋಪಿ ಆಯಿತು. ಬಣ್ಣದ ಇಂಜೆಕ್ಷನ್ ಕೊಟ್ಟು ಸಿಟಿ ಸ್ಕ್ಯಾನ್ ಆಯಿತು. ಏನೂ ಸಿಗಲಿಲ್ಲ.

ಒಂದು ದಿನ ಎದೆ ಬಡಿತ ತಾಳ ತಪ್ಪಿ ಇಸಿಜಿ ತೆಗೆಸಿದೆವು. ಏಟ್ರಿಯಲ್ ಫಿಬ್ರಿಲೇಶನ್ ಅಂದರು. ಹೃದಯದ ಮೇಲಿನ ಕೋಣೆ ಸರಿಯಾಗಿ ಮಿಡಿಯದೆ ಬರೀ ಅದುರುವುದು. ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಸ್ಟ್ರೋಕ್. ಹಾರ್ಟ್ ಡಾಕ್ಟರೇ ಥೈರಾಯ್ಡ್ ಪರೀಕ್ಷೆ ಬರೆದದ್ದು. ಗ್ರಂಥಿಯಲ್ಲಿ ಒಂದು ಗಂಟು, ಅದೊಂದೇ ಇಡೀ ಹಾರ್ಮೋನ್ ಮಾಡುತ್ತಿತ್ತು.

ಇವರಿಗೆ ವಿಕಿರಣ ಅಯೋಡಿನ್ ಒಳ್ಳೆಯದು ಅಂದರು, ಗ್ರಂಥಿ ಅದನ್ನು ಹೀರಿಕೊಂಡರೆ ಗಂಟು ಸುಟ್ಟುಹೋಗುತ್ತದಂತೆ. ಆದರೆ ತಕ್ಷಣ ಕೊಡಲು ಆಗಲಿಲ್ಲ. ಸಿಟಿ ಸ್ಕ್ಯಾನಿನ ಬಣ್ಣದಲ್ಲಿ ಅಯೋಡಿನ್ ಇರುತ್ತದಂತೆ. ಗ್ರಂಥಿ ಅದನ್ನು ಹೊಟ್ಟೆ ತುಂಬ ಕುಡಿದಿರುವುದರಿಂದ ಈಗ ಕೊಟ್ಟರೆ ಹಿಡಿಯುವುದಿಲ್ಲ ಅಂತ ಎರಡು ತಿಂಗಳು ಮಾತ್ರೆಯಲ್ಲೇ ಕಾಯಿಸಿದರು. ಥೈರಾಯ್ಡ್ ಜಾಸ್ತಿ ಇರುವವರಿಗೆ ಆ ಬಣ್ಣ ತೊಂದರೆಯನ್ನು ಇನ್ನೂ ಹೆಚ್ಚಿಸಬಹುದು ಅಂತಲೂ ಹೇಳಿದರು. ಮೊದಲೇ ಒಂದು ಟಿಎಸ್‌ಎಚ್ ಮಾಡಿಸಿದ್ದರೆ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಕಾಫಿ_ಕಟ್ಟೆ · ಡಿಸೆಂಬರ್ 16

ವಿಕಿರಣ ಅಂದರೆ ಭಯ ಆಗಲಿಲ್ವಾ ಅಕ್ಕ?

ಮಲ್ಲಿಗೆ_ಮೈಸೂರು · ಡಿಸೆಂಬರ್ 16

ಭಯ ಇದ್ದದ್ದು ನಮಗೆ. ಅಪ್ಪನಿಗೆ ಇರಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಸೀಸದ ದಪ್ಪ ಡಬ್ಬಿಯೊಳಗೆ ಒಂದು ಕ್ಯಾಪ್ಸೂಲ್. ಅಪ್ಪ ನೀರಿನಲ್ಲಿ ನುಂಗಿ ‘ಇಷ್ಟೇನಾ? ಇದಕ್ಕೆ ಕಾರು ಮಾಡಿಕೊಂಡು ಬಂದ್ವಾ?’ ಅಂದರು. ಅಡ್ಮಿಟ್ ಕೂಡ ಇಲ್ಲ. ಕೆಲವು ದಿನ ಬೇರೆ ಕೋಣೆ. ಬೇರೆ ತಟ್ಟೆ ಲೋಟ. ಟಾಯ್ಲೆಟ್ಟಿಗೆ ಎರಡು ಸಲ ನೀರು ಬಿಡಬೇಕು. ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಬಾರದು. ಅದೇ ಕಷ್ಟ ಆದದ್ದು. ಅವಳು ಬಾಗಿಲಲ್ಲಿ ನಿಂತು, ತಾತ ಒಳಗೆ ಕೂತು ಮಗ್ಗಿ ಹೇಳಿಕೊಡುತ್ತಿದ್ದರು.

ಈಗ ಪೇಪರನ್ನು ಕೊನೆಯ ಪುಟದವರೆಗೆ ಓದುತ್ತಾರೆ.

ಪ್ರಕೃತಿ_ಪ್ರಿಯ · ಡಿಸೆಂಬರ್ 17

ಇಷ್ಟೆಲ್ಲ ಯಾಕೆ? ಥೈರಾಯ್ಡ್ ಸಮಸ್ಯೆಗೆ ಮೂಲವೇ ಅಯೋಡಿನ್ ಕೊರತೆ. ಸಮುದ್ರ ಪಾಚಿಯ ಮಾತ್ರೆ ಸಿಗುತ್ತದೆ, ಸಹಜವಾದದ್ದು, ಸೈಡ್ ಎಫೆಕ್ಟ್ ಇಲ್ಲ. ಮೂರು ತಿಂಗಳು ತಗೊಳ್ಳಿ.

ಫಿಸಿಶಿಯನ್_ದಾವಣಗೆರೆ · ಡಿಸೆಂಬರ್ 17

ದಯವಿಟ್ಟು ಬೇಡ. ಅಯೋಡಿನ್ ಈ ಹುಡುಗನ ಕಾಪಿ ಪುಸ್ತಕ. ಅವನು ಬರೆಯುವುದು ನಿಲ್ಲಿಸಲಿ ಅಂತ ನಾವು ಒದ್ದಾಡುವಾಗ ನೀವು ಹೊಸ ಪುಸ್ತಕದ ಕಟ್ಟು ತಂದುಕೊಡುತ್ತಿದ್ದೀರಿ. ಪಾಚಿ ಮಾತ್ರೆಯಲ್ಲಿ ಎಷ್ಟು ಅಯೋಡಿನ್ ಇದೆ ಅಂತ ಅಳತೆಯೂ ಇರುವುದಿಲ್ಲ.

ಅಯೋಡಿನ್ ಕೊರತೆ ನಮ್ಮ ದೇಶದಲ್ಲಿ ನಿಜವಾಗಿ ಇತ್ತು, ಅದನ್ನು ಒಪ್ಪುತ್ತೇನೆ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ನೋಡಲು ಶುರು ಮಾಡಿದರು. ಗಳಗಂಡ ಇಳಿಯಿತು. 1962ರಲ್ಲಿ ಇಡೀ ದೇಶದ ಕಾರ್ಯಕ್ರಮ ಬಂತು. ನಮ್ಮ ಅಡುಗೆಮನೆಯ ಉಪ್ಪಿನ ಪ್ಯಾಕೆಟ್ ಹಿಂದೆ ಆ ಕಥೆ ಇದೆ. ಅದೇ ಉಪ್ಪು ಸಾಕು. ಥೈರಾಯ್ಡ್ ಜಾಸ್ತಿ ಅಂತ ಹೆದರಿ ಕಲ್ಲುಪ್ಪಿಗೆ ಬದಲಾಯಿಸುವುದೂ ಬೇಡ. ಮನೆಯಲ್ಲಿ ಬೆಳೆಯುವ ಮಕ್ಕಳಿದ್ದಾರೆ, ಗರ್ಭಿಣಿ ಇರಬಹುದು, ಅವರಿಗೆ ಅದು ಬೇಕು.

ಜೆರ್ಸಿ_ಕನ್ನಡಿಗ · ಡಿಸೆಂಬರ್ 17

ಅಮೆರಿಕದ ಅಧ್ಯಕ್ಷರಾಗಿದ್ದ ದೊಡ್ಡ ಬುಷ್ ಅವರಿಗೂ ಇದೇ ಆಗಿತ್ತು. 1991ರ ಮೇ ತಿಂಗಳಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ ಓಡುವಾಗ ಎದೆ ಬಡಿತ ತಾಳ ತಪ್ಪಿತು. ನೋಡಿದರೆ ಗ್ರೇವ್ಸ್. ಅದಕ್ಕೆ ಎರಡು ವರ್ಷ ಮೊದಲೇ ಅವರ ಹೆಂಡತಿ ಬಾರ್ಬರಾ ಅವರಿಗೂ ಗ್ರೇವ್ಸ್ ಬಂದಿತ್ತು. ಗಂಡ ಹೆಂಡತಿ ಇಬ್ಬರಿಗೂ ಹೇಗೆ ಅಂತ ಶ್ವೇತಭವನದ ನೀರನ್ನೂ ಪರೀಕ್ಷೆ ಮಾಡಿಸಿದರು. ಏನೂ ಸಿಗಲಿಲ್ಲ. ಓಟಗಾರ್ತಿ ಗೇಲ್ ಡೆವರ್ಸ್ ಕೂಡ ಗ್ರೇವ್ಸ್‌ನಿಂದ ನರಳಿ, ಕಾಲು ಕತ್ತರಿಸುವ ಮಾತು ಬರುವ ಮಟ್ಟಕ್ಕೆ ಹೋಗಿ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಚಿನ್ನ ಗೆದ್ದರು.

ನಾನೂ ಎರಡು ವರ್ಷದ ಹಿಂದೆ ವಿಕಿರಣ ಅಯೋಡಿನ್ ತಗೊಂಡವನು. ಮೂರು ವಾರಕ್ಕೆ ಊರಿಗೆ ಹೊರಟೆ. ಏರ್‌ಪೋರ್ಟಿನಲ್ಲಿ ಪೀಂ ಪೀಂ ಅಂತ ಸದ್ದು. ನಾಲ್ವರು ಸುತ್ತುವರಿದರು. ಬ್ಯಾಗಿನಲ್ಲಿ ಚಟ್ನಿಪುಡಿ ಇತ್ತು, ಅದೇ ಕಾರಣ ಅಂದುಕೊಂಡೆ. ಅಲ್ಲ, ಸದ್ದು ಬರುತ್ತಿದ್ದದ್ದು ನನ್ನ ಕತ್ತಿನಿಂದ! ಆಸ್ಪತ್ರೆಯ ಚೀಟಿ ಜೊತೆಗೆ ಇದ್ದದ್ದರಿಂದ ಬಿಟ್ಟರು. ತಗೊಂಡವರು ಕೆಲವು ವಾರ ಚೀಟಿ ಇಲ್ಲದೆ ಪ್ರಯಾಣ ಮಾಡಬೇಡಿ.

ಹಾಗೇ ಒಂದು ಮಾತು. ನಮ್ಮ ಬೆಕ್ಕಿಗೂ ಥೈರಾಯ್ಡ್ ಜಾಸ್ತಿ. ಹದಿಮೂರು ವರ್ಷದ್ದು. ಮುದಿ ಬೆಕ್ಕುಗಳಿಗೆ ಇದು ಮಾಮೂಲಂತೆ. ನಾನು ನುಂಗುತ್ತಿದ್ದ ಔಷಧವನ್ನೇ ಅದಕ್ಕೆ ಮುಲಾಮು ಮಾಡಿ ಕೊಟ್ಟಿದ್ದಾರೆ, ಕಿವಿಗೆ ಉಜ್ಜಬೇಕು.

ಪುಟ್ಟಿಯಮ್ಮ · ಡಿಸೆಂಬರ್ 18

ನನಗೆ ಬಾಣಂತನದಲ್ಲಿ ಬಂತು. ಮಗು ಹುಟ್ಟಿ ಮೂರು ತಿಂಗಳಿಗೆ ಎದೆ ಡವಡವ, ನಿದ್ದೆ ಇಲ್ಲ, ಅಳು. ತೂಕ ಇಳಿದದ್ದಕ್ಕೆ ‘ಮಗು ಹಾಲು ಕುಡಿಯುತ್ತದಲ್ಲ’ ಅಂದರು. ದೃಷ್ಟಿ ತೆಗೆದರು. ಟಿಎಸ್‌ಎಚ್ 0.05. ನಾನು ಇನ್ನು ಜೀವನಪೂರ್ತಿ ಮಾತ್ರೆ ಅಂತ ಅಳುತ್ತಾ ಹೋದರೆ ಡಾಕ್ಟರ್ ಥೈರಾಯ್ಡ್ ಮಾತ್ರೆಯನ್ನೇ ಕೊಡಲಿಲ್ಲ. ಬರೀ ಎದೆ ಬಡಿತಕ್ಕೆ ಕೊಟ್ಟರು. ಹೆರಿಗೆ ಆದ ಮೇಲೆ ಕೆಲವರಿಗೆ ಗ್ರಂಥಿ ಊದಿ, ಕೂಡಿಟ್ಟದ್ದು ಸೋರುತ್ತದಂತೆ. ಹೊಸದಾಗಿ ತಯಾರಾಗುತ್ತಲೇ ಇಲ್ಲದ ಮೇಲೆ ತಯಾರಿಕೆ ನಿಲ್ಲಿಸುವ ಮಾತ್ರೆ ಯಾಕೆ? ಆರನೇ ತಿಂಗಳಿಗೆ ಉಲ್ಟಾ ಹೊಡೆದು ಟಿಎಸ್‌ಎಚ್ 14 ಆಯಿತು. ಮಗುವಿನ ಹುಟ್ಟುಹಬ್ಬದ ಹೊತ್ತಿಗೆ ನಾರ್ಮಲ್. ಎಲ್ಲರಿಗೂ ಹೀಗೇ ಸರಿಹೋಗುವುದಿಲ್ಲವಂತೆ. ಅದಕ್ಕೇ ವರ್ಷಕ್ಕೊಮ್ಮೆ ನೋಡಿಕೊಳ್ಳುತ್ತೇನೆ.

ರಂಗೋಲಿ_ಸಾಗರ · ಡಿಸೆಂಬರ್ 24

ಶಿವಮೊಗ್ಗಕ್ಕೆ ಹೋಗಿ ಬಂದೆ. ಡಾಕ್ಟರ್ ರಿಪೋರ್ಟನ್ನು ಮೊದಲು ನೋಡಲೇ ಇಲ್ಲ. ಎರಡೂ ಕೈ ಮುಂದೆ ಚಾಚಿ ಅಂದರು. ಬೆರಳ ಮೇಲೆ ಒಂದು ಬಿಳಿ ಹಾಳೆ ಇಟ್ಟರು. ಹಾಳೆ ಗಾಳಿಗೆ ಸಿಕ್ಕಿದ ಹಾಗೆ ಪಟಪಟ ಅಂತು. ಫ್ಯಾನ್ ಆಫ್ ಇತ್ತು. ಕೈ ಊರದೆ ಕುರ್ಚಿಯಿಂದ ಏಳಿ ಅಂದರು, ಎರಡನೇ ಸಲಕ್ಕೆ ಎದ್ದೆ. ನೀರು ಕೊಟ್ಟು ನುಂಗಲು ಹೇಳಿ ಕತ್ತು ನೋಡಿದರು. ಆಮೇಲೆ ಕತ್ತಿನ ಮೇಲೆ ಸ್ಟೆತಸ್ಕೋಪ್ ಇಟ್ಟರು. ಗ್ರಂಥಿಗೆ ರಕ್ತ ನುಗ್ಗುವ ಸದ್ದು ಕೇಳುತ್ತದಂತೆ.

ಪ್ರತಿಕಾಯ ಪರೀಕ್ಷೆ 9.2 ಬಂತು, 1.75ರ ಒಳಗೆ ಇರಬೇಕಿತ್ತು. ಬಯೋಟಿನ್ ಬಿಟ್ಟು ಎಷ್ಟು ದಿನ ಆಯಿತು ಅಂತ ಅವರೇ ಕೇಳಿದರು. ಲ್ಯಾಬ್_ಮಿತ್ರ ಸರ್, ನಿಮ್ಮನ್ನು ನೆನೆದೆ. ಗ್ರೇವ್ಸ್ ಅಂತ ಖಚಿತ ಆಯಿತು. ಹಾರ್ಮೋನ್ ತಯಾರಿಕೆ ತಗ್ಗಿಸುವ ಮಾತ್ರೆ ನಿಯೋಮರ್ಕಝೋಲ್ 20 ಮಿಲಿಗ್ರಾಂ ಶುರು. ಒಂದೂವರೆ ವರ್ಷದವರೆಗೆ ತಗೊಳ್ಳಬೇಕಾಗಬಹುದು, ನಿಲ್ಲಿಸಿದ ಮೇಲೆ ಸುಮಾರು ಅರ್ಧ ಜನರಿಗೆ ಮತ್ತೆ ಬರುತ್ತದೆ ಅಂತ ಮುಚ್ಚಿಡದೆ ಹೇಳಿದರು. ಗರ್ಭಿಣಿಯಾ, ಆಗುವ ಯೋಚನೆ ಇದೆಯಾ ಅಂತಲೂ ಕೇಳಿದರು. ಕೊನೆಗೆ ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದರು: ‘ಜ್ವರ ಅಥವಾ ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ, ಅದೇ ದಿನ ಬಿಳಿ ರಕ್ತಕಣದ ಲೆಕ್ಕ ಮಾಡಿಸಿ.’ ಇದು ಅಷ್ಟು ದೊಡ್ಡ ವಿಷಯವಾ?

ಸರಿಗಮ_ಉಡುಪಿ · ಡಿಸೆಂಬರ್ 24

ದೊಡ್ಡ ವಿಷಯ. ನನಗೆ ಆಗಿದೆ.

ಮಾತ್ರೆ ಶುರುಮಾಡಿ ಏಳನೇ ವಾರ. ಗಂಟಲು ಕೆರೆತ. ನಾನು ಸಂಗೀತ ಟೀಚರ್, ಗಂಟಲು ನೋವು ನನಗೆ ಹೊಸದಲ್ಲ. ಮರುದಿನ 102 ಜ್ವರ. ಒಂದು ಕ್ಲಿನಿಕ್ಕಿನಲ್ಲಿ ತೋರಿಸಿದೆ. ವೈರಲ್ ಅಂತ ಮಾತ್ರೆ ಕೊಟ್ಟರು. ನಿಯೋಮರ್ಕಝೋಲ್ ವಿಷಯ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ರಾತ್ರಿ ತಂಗಿ ನನ್ನ ಹಳೇ ಚೀಟಿ ಓದಿ ಗಾಬರಿಯಾಗಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಸೋಂಕಿನ ಜೊತೆ ಹೋರಾಡುವ ನ್ಯೂಟ್ರೋಫಿಲ್ 1500ರ ಮೇಲೆ ಇರಬೇಕು. ನನಗೆ 180 ಇತ್ತು. ಹತ್ತು ದಿನ ಅಡ್ಮಿಟ್. ಸಾವಿರದಲ್ಲಿ ಕೆಲವೇ ಜನಕ್ಕೆ ಹೀಗಾಗುವುದಂತೆ, ಅದೂ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಹೆದರಿ ಮಾತ್ರೆ ಬಿಡಬೇಡಿ. ಚೀಟಿಯನ್ನು ಮಾತ್ರ ಫ್ರಿಜ್ ಮೇಲೆ ಅಂಟಿಸಿ.

ನಾನು ಆ ಮಾತ್ರೆಯನ್ನು ಮತ್ತೆ ಮುಟ್ಟುವಂತಿಲ್ಲ. ಆಪರೇಷನ್ ಆಯಿತು. ದನಿಯ ನರ ಗ್ರಂಥಿಯ ಬೆನ್ನಿಗೇ ಇರುತ್ತದೆ, ಅದಕ್ಕೆ ಏನಾದರೂ ಆದರೆ ಅಂತ ನಾನು ಮೂರು ರಾತ್ರಿ ಮಲಗಲಿಲ್ಲ. ಸರ್ಜನ್ ‘ಥೈರಾಯ್ಡ್ ಮೇಲಿನ ಕೆಲಸಕ್ಕೆ 1909ರಲ್ಲೇ ಸ್ವಿಟ್ಜರ್ಲೆಂಡಿನ ಸರ್ಜನ್ ಕೋಕರ್‌ಗೆ ನೊಬೆಲ್ ಬಂದಿದೆಯಮ್ಮ, ಇದೇನು ಹೊಸ ಆಪರೇಷನ್ ಅಲ್ಲ’ ಅಂದರು. ಆಪರೇಷನ್‌ಗೆ ಹತ್ತು ದಿನ ಮೊದಲಿಂದ ಅಯೋಡಿನ್ ಹನಿ ಕುಡಿಸಿದರು. ಆದ ಮೇಲೆ ಎರಡು ದಿನ ತುಟಿಯ ಸುತ್ತ ಇರುವೆ ಹರಿದ ಹಾಗೆ ಜುಮ್ಮೆನ್ನುತ್ತಿತ್ತು, ಕ್ಯಾಲ್ಸಿಯಂ ಕಡಿಮೆಯಾಗಿ. ಅದೂ ಹೋಯಿತು. ಆರು ವಾರಕ್ಕೆ ಸರಳೆವರಸೆ ಹೇಳಿಕೊಟ್ಟೆ. ಮೇಲಿನ ಷಡ್ಜ ಬರಲು ನಾಲ್ಕು ತಿಂಗಳು ಹಿಡಿಯಿತು.

ಪ್ರಕೃತಿ_ಪ್ರಿಯ · ಡಿಸೆಂಬರ್ 25

ನೋಡಿದಿರಾ? ಅವರಿಗೂ ಅಯೋಡಿನ್ನೇ ಕೊಟ್ಟರಲ್ಲ! ನಾನು ಹೇಳಿದರೆ ತಪ್ಪು, ಆಸ್ಪತ್ರೆಯವರು ಕೊಟ್ಟರೆ ಸರಿ.

ಫಿಸಿಶಿಯನ್_ದಾವಣಗೆರೆ · ಡಿಸೆಂಬರ್ 25

ಪ್ರಶ್ನೆ ನ್ಯಾಯವಾದದ್ದೇ. ತುಂಬ ದೊಡ್ಡ ಡೋಸ್ ಅಯೋಡಿನ್ ಒಮ್ಮೆಲೇ ಬಂದರೆ ಗ್ರಂಥಿ ಸ್ವಲ್ಪ ದಿನ ಬೆಚ್ಚಿ ಕೆಲಸ ನಿಲ್ಲಿಸುತ್ತದೆ. ಅದರ ರಕ್ತದ ಹರಿವೂ ಇಳಿಯುತ್ತದೆ, ಆಪರೇಷನ್‌ಗೆ ಅನುಕೂಲ. ಆದರೆ ಆ ಬೆದರಿಕೆ ಒಂದೆರಡು ವಾರ ಅಷ್ಟೆ. ಆಮೇಲೆ ಅದೇ ಅಯೋಡಿನ್ ಬಳಸಿಕೊಂಡು ಡಬಲ್ ಬರೆಯುತ್ತದೆ. ಸರ್ಜನ್ ಹತ್ತನೇ ದಿನ ಗ್ರಂಥಿಯನ್ನೇ ತೆಗೆದುಬಿಡುತ್ತಾರೆ. ನಿಮ್ಮ ಮೂರು ತಿಂಗಳ ಕೋರ್ಸಿನಲ್ಲಿ ತೆಗೆಯುವವರು ಯಾರು?

ಇನ್ನೊಂದು. ಮಗು ಬೇಕು ಅಂತ ಇರುವವರು ಮೊದಲೇ ಡಾಕ್ಟರಿಗೆ ಹೇಳಿ. ನಿಯೋಮರ್ಕಝೋಲ್ ಮೊದಲ ಮೂರು ತಿಂಗಳಲ್ಲಿ ಭ್ರೂಣಕ್ಕೆ ತೊಂದರೆ ಮಾಡಬಹುದು, ಅದಕ್ಕೆ ಬೇರೆ ಮಾತ್ರೆಗೆ ಬದಲಾಯಿಸುತ್ತಾರೆ. ತಾವಾಗಿಯೇ ನಿಲ್ಲಿಸುವುದು ಇನ್ನೂ ಅಪಾಯ. ವಿಕಿರಣ ಅಯೋಡಿನ್ ತಗೊಂಡವರು ಕನಿಷ್ಠ ಆರು ತಿಂಗಳು ಕಾಯಬೇಕು. ಮುಟ್ಟು ನಿಂತ ಹೆಂಗಸರಲ್ಲಿ ಈ ಕಾಯಿಲೆ ಮೂಳೆಯನ್ನೂ ಸದ್ದಿಲ್ಲದೆ ತಿನ್ನುತ್ತದೆ, ಅದನ್ನೂ ಮರೆಯಬೇಡಿ.

ಬುಲೆಟ್_ಬೆಳಗಾವಿ · ಜನವರಿ 3

ಕಣ್ಣಿನ ಬಗ್ಗೆ ಯಾರೂ ಬರೆದಿಲ್ಲ. ನನಗೆ ಗ್ರೇವ್ಸ್ ಜೊತೆ ಕಣ್ಣು ಮುಂದೆ ಬಂತು. ಮಲಗಿದರೂ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ, ಬೆಳಿಗ್ಗೆ ಕಣ್ಣಲ್ಲಿ ಮರಳು ಹಾಕಿದ ಹಾಗೆ. ‘ಯಾಕ್ ಹಂಗ್ ದಿಟ್ಟಿಸ್ತೀ?’ ಅಂತ ಒಬ್ಬ ಸಿಗ್ನಲ್‌ನಲ್ಲಿ ಜಗಳಕ್ಕೇ ಬಂದಿದ್ದ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಸಿಗರೇಟಿನದು. ದಿನಕ್ಕೆ ಹತ್ತು. ಸಿಗರೇಟು ಸೇದುವವರಿಗೆ ಕಣ್ಣಿನ ತೊಂದರೆ ಜಾಸ್ತಿ, ವಿಕಿರಣ ಅಯೋಡಿನ್ ಕೊಟ್ಟರೆ ಇನ್ನೂ ಹೆಚ್ಚಬಹುದು ಅಂದರು. ಬಿಟ್ಟೆ. ಕೃತಕ ಕಣ್ಣೀರಿನ ಹನಿ, ತಲೆದಿಂಬು ಎತ್ತರ, ಬೈಕಿಗೆ ಕನ್ನಡಕ. ಒಂದಕ್ಕೆ ಎರಡು ಕಾಣಿಸಿದರೆ ಅಥವಾ ಬಣ್ಣ ಮಾಸಿದರೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಓಡಬೇಕು, ನೆನಪಿರಲಿ.

ರಂಗೋಲಿ_ಸಾಗರ · ಮಾರ್ಚ್ 27

ಮೂರು ತಿಂಗಳಾಯಿತು. ಫ್ರೀ ಟಿ4 1.3! ಆದರೆ ಟಿಎಸ್‌ಎಚ್ ಇನ್ನೂ 0.02. ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತ ಗಾಬರಿಯಾದೆ. ಡಾಕ್ಟರ್ ನಕ್ಕರು. ಟಿಎಸ್‌ಎಚ್ ಏಳಲು ತಿಂಗಳುಗಟ್ಟಲೆ ಬೇಕಂತೆ, ಅಲ್ಲಿಯವರೆಗೆ ಟಿ3, ಟಿ4 ನೋಡಿ ಡೋಸ್ ಇಳಿಸುತ್ತಾರಂತೆ. ನಾನು ‘ಹೆಡ್‌ಮೇಷ್ಟ್ರು ಇನ್ನೂ ಮುನಿಸು ಬಿಟ್ಟಿಲ್ಲ’ ಅಂದೆ, ಅವರಿಗೆ ಅರ್ಥ ಆಗಲಿಲ್ಲ. ಮಾತ್ರೆ ಈಗ 10ಕ್ಕೆ ಇಳಿದಿದೆ.

ತೂಕ 58. ಸ್ಟಾಫ್ ರೂಮಿನಲ್ಲಿ ‘ಯಾಕೆ ಮೇಡಂ, ಡಯಟ್ ಬಿಟ್ಟುಬಿಟ್ರಾ?’ ಅಂತ ಕೇಳುತ್ತಿದ್ದಾರೆ.

ಯುಗಾದಿಗೆ ಹದಿನೈದು ಚುಕ್ಕಿಯ ರಂಗೋಲಿ ಹಾಕಿದೆ. ಒಂದೇ ಒಂದು ಎಳೆ ಕೆಟ್ಟಿತು. ಅದು ನಮ್ಮ ನಾಯಿಯ ಬಾಲ ಬಡಿದು.

ಹೊಸಬ_77 · ಮಾರ್ಚ್ 29

ನನಗೂ ಥೈರಾಯ್ಡ್ ಇದೆ. ಟಿಎಸ್‌ಎಚ್ 8.5, ಜಾಸ್ತಿ ಬಂದಿದೆ. ಮೇಡಂ ತಗೊಂಡ ನಿಯೋಮರ್ಕಝೋಲ್ ನಾನೂ ಶುರು ಮಾಡಲಾ?

ಲ್ಯಾಬ್_ಮಿತ್ರ · ಮಾರ್ಚ್ 29

ಬೇಡ ಸರ್, ಬೇಡ! ನಿಮ್ಮ ಹುಡುಗ ಸೋಮಾರಿ. ಮೇಲೆ ಎರಡನೇ ಉತ್ತರ ಓದಿ, ಆಮೇಲೆ ರಿಪೋರ್ಟ್ ಹಿಡಿದು ಡಾಕ್ಟರ್ ಹತ್ತಿರ ಹೋಗಿ. ಹೊರಡುವ ಮೊದಲು ಒಂದು ಮಾತು ಹೇಳಿ: ಬಯೋಟಿನ್ ಏನಾದರೂ ತಗೊಳ್ಳುತ್ತಿದ್ದೀರಾ?